ಆರನೇ ವಾರಕ್ಕೆ ಅಡಿಕೆಯಲ್ಲಿ ನೀರು ಜಾಸ್ತಿಯಾಯಿತೇ?

ಶಿರಸಿ ಕಡೆಯ ಪಿಯು ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: "ಅಂಗಳದಲ್ಲಿ ಹರವಿದ ಹಣ್ಣಡಿಕೆಯಲ್ಲಿ ವ ವಾರದ ಮೇಲೆ ಉಳಿಯುವ ನೀರಿನ ಪಾಲು (1 + ಕ×ವ)^ಘ ಎಂದುಕೊಳ್ಳಿ ಅಂತ ನಮ್ಮ ಸರ್ ಒಂದು ಲೆಕ್ಕ ಕೊಟ್ಟರು. ಬಿಡಿಸಿದರೆ 1 − 0.5ವ + 0.1875ವ² + … ಬರುತ್ತದಂತೆ. ನನಗೆ ಕ = 1/4, ಘ = −2 ಸಿಕ್ಕಿತು. ಸರ್ ಸರಿ ಅಂದರು. ಆದರೆ ಈ ಮೂರು ಪದಗಳಲ್ಲಿ ಆರು ವಾರ ಹಾಕಿದರೆ 4.75! ಒಣಗಿ ಚಾಲಿ (ಸುಲಿಯಲು ಸಿದ್ಧವಾದ ಒಣ ಅಡಿಕೆ) ಆಗುವ ಹೊತ್ತಿಗೆ ಮೊದಲ ದಿನಕ್ಕಿಂತ ಜಾಸ್ತಿ ನೀರಾ? ತಪ್ಪಿದ್ದು ಸ್ಥಿರಾಂಕವೋ, ಸೂತ್ರವೋ?"

ಎರಡೂ ಅಲ್ಲ. ತಪ್ಪಿದ್ದು ಆರು ವಾರವನ್ನು ಹಾಕಿದ ಜಾಗ.

ಉಳಿದ ಓದುಗರಿಗಾಗಿ ಲೆಕ್ಕ ಹೇಳಿಬಿಡುತ್ತೇನೆ. ವ ದ ಸಹಗುಣಕ ಘ×ಕ, ಅಂದರೆ −0.5. ವ² ದ ಸಹಗುಣಕ ಘ(ಘ−1)ಕ²/2, ಅಂದರೆ 0.1875. ಎರಡನೆಯದನ್ನು ದುಪ್ಪಟ್ಟು ಮಾಡಿ, ಮೊದಲನೆಯದರ ವರ್ಗದಿಂದ ಭಾಗಿಸಿ. ಕ ಹೊಡೆದುಹೋಗುತ್ತದೆ. (ಘ−1)/ಘ = 0.375/0.25 = 3/2. ಘ = −2 ಆಯಿತು, ಕ ತಾನಾಗಿ ಸಿಗುತ್ತದೆ.

ಘಾತ 2, 3, 4 ಹೀಗಿದ್ದರೆ ಪದಗಳು ಒಂದು ಕಡೆ ಮುಗಿಯುತ್ತವೆ. ಯಾವ ಬೆಲೆ ಹಾಕಿದರೂ ತಕರಾರಿಲ್ಲ. −2 ಇದ್ದರೆ ಮುಗಿಯುವುದೇ ಇಲ್ಲ. ಆಗ ಈ ಪದಗಳ ಸಾಲು, ಅಂದರೆ ಶ್ರೇಣಿ, ನಂಬಿಕೆಗೆ ಅರ್ಹವಾಗುವುದು ಕ×ವ ಒಂದಕ್ಕಿಂತ ಚಿಕ್ಕದಿದ್ದಾಗ ಮಾತ್ರ. ನಿಮ್ಮ ಲೆಕ್ಕದಲ್ಲಿ ನಾಲ್ಕು ವಾರದೊಳಗೆ. ಆರಕ್ಕೆ ಇನ್ನೊಂದು ಪದ ಸೇರಿಸಿ ನೋಡಿ: −8.75. ಮತ್ತೊಂದು ಸೇರಿಸಿದರೆ 16ರ ಮೇಲೆ ಹಾರುತ್ತದೆ. ಪದ ಹೆಚ್ಚಿದಷ್ಟೂ ಅವಾಂತರ.

ನಾಲ್ಕು ವಾರದೊಳಗೂ ಮೂರೇ ಪದ ಸಾಲದು. ಒಂದನೇ ವಾರಕ್ಕೆ 0.6875 ಬರುತ್ತದೆ, ನಿಜವಾದ ಬೆಲೆ 0.64. ಪರವಾಗಿಲ್ಲ. ಎರಡನೇ ವಾರಕ್ಕೆ 0.75! ನಿಜವಾದದ್ದು ಸುಮಾರು 0.44. ಆದರೆ ಇಲ್ಲಿ ಪದ ಸೇರಿಸುತ್ತಾ ಹೋದರೆ ಅಲ್ಲಿಗೇ ಬಂದು ನಿಲ್ಲುತ್ತದೆ, ಆರಕ್ಕೆ ಹಾಗಾಗುವುದಿಲ್ಲ.

ನ್ಯೂಟನ್ ಇಂಥ ಘಾತಗಳ ಶ್ರೇಣಿಯನ್ನು ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್‌ಗೆ ತಿಳಿಸಿದ್ದು 1676ರಲ್ಲಿ, ಅದೂ ಪತ್ರದ ಮೂಲಕವೇ. ಅದು ಎಲ್ಲಿಯವರೆಗೆ ನಡೆಯುತ್ತದೆ ಅನ್ನುವುದನ್ನು ನಾರ್ವೆಯ ಗಣಿತಜ್ಞ ಅಬೆಲ್ ಬಿಗಿಯಾಗಿ ಪರಿಶೀಲಿಸಿದ್ದು 1826ರಲ್ಲಿ. ಹಾಗಾಗಿ ನೀವು ಎಡವಿದ್ದಕ್ಕೆ ಸಂಕೋಚ ಬೇಡ.

ಶ್ರೇಣಿಯ ಕೆಲಸ ಸ್ಥಿರಾಂಕ ಹುಡುಕಿಕೊಡುವುದು, ಅಷ್ಟೇ. ಸಿಕ್ಕ ಮೇಲೆ ಅದನ್ನು ಬದಿಗಿಟ್ಟು 1/(1 + ವ/4)² ನಲ್ಲೇ ಬೆಲೆ ಹಾಕಿ. ಆರು ವಾರಕ್ಕೆ 0.16 ಬರುತ್ತದೆ. ಚಾಲಿಗೆ ಒಪ್ಪುವ ಮಾತು, ಅಲ್ವಾ?

ಇನ್ನೊಂದು ವಿಷಯ ನಿಮ್ಮ ಸರ್‌ಗೂ ಹೇಳಿ. ಎರಡು ಸಹಗುಣಕ, ಎರಡು ಅಜ್ಞಾತ. ಇವು ಹೊಂದಿಕೊಂಡ ಮಾತ್ರಕ್ಕೆ ಅಡಿಕೆ ಹೀಗೇ ಒಣಗುತ್ತದೆ ಅಂತ ಸಾಬೀತಾಗಲಿಲ್ಲ. ಪರೀಕ್ಷೆ ಶುರುವಾಗುವುದು ಮೂರನೆಯದರಿಂದ: ವ³ ದ ಸಹಗುಣಕ −0.0625 ಇರಬೇಕು. ಅದಕ್ಕಿಂತ ಸುಲಭದ ದಾರಿ ನಿಮ್ಮ ಅಂಗಳದಲ್ಲೇ ಇದೆ. ಒಂದಿಷ್ಟು ಹಣ್ಣಡಿಕೆ ಬೇರೆ ತೆಗೆದಿಟ್ಟು ವಾರಕ್ಕೊಮ್ಮೆ ತೂಗಿ. ಕೊನೆಗೆ ಪೂರಾ ಒಣಗಿಸಿ ಬಂದ ತೂಕವನ್ನು ಎಲ್ಲದರಿಂದ ಕಳೆದರೆ ಪ್ರತಿ ವಾರ ಇದ್ದ ನೀರು ಸಿಗುತ್ತದೆ. ನಾಲ್ಕನೇ ವಾರಕ್ಕೆ ಕಾಲು ಪಾಲು ಉಳಿಯಬೇಕು ಅನ್ನುತ್ತದೆ ಸೂತ್ರ. ತಕ್ಕಡಿ ಏನನ್ನುತ್ತದೆ, ಬರೆದು ಕಳಿಸಿ.

— ಸಂಪಾದಕ