ಕೊಲೆ ಕಥೆ ಓದ್ತಾ ನಗ್ಬೋದಾ?

ಪ್ರಶ್ನೆ: ರಿಚರ್ಡ್ ಆಸ್ಮನ್ ಬರೆದ ಮೊದಲ ಕಾದಂಬರಿ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ ಬಗ್ಗೆ ಎಲ್ರೂ ಆಹಾ ಓಹೋ ಅಂತಾರೆ. ನಾನು ನರಸಿಂಹಯ್ಯನವರ ಪತ್ತೇದಾರಿ ಓದಿ ಬೆಳೆದೋನು, ನಂಗೆ ಇದ್ರಲ್ಲಿ ಬರೀ ಕೇಕು, ವೈನು, ಹರಟೆ ಅನ್ನಿಸ್ತು. ನಮ್ಮನೆಯವಳು ಮಾತ್ರ ಒಂದೇ ಗುಕ್ಕಿಗೆ ಮುಗಿಸಿ ಬಿದ್ದು ಬಿದ್ದು ನಕ್ಕಳು. ಯಾರು ಸರಿ?
– ಓದುಗ, ಶಿವಮೊಗ್ಗ

ಉತ್ತರ: ಇಬ್ರೂ ಸರಿ ಅಂದ್ರೆ ಜಾರ್ಕೊಂಡ ಅಂತೀರಿ, ಅದಕ್ಕೇ ನೇರ ಹೇಳ್ತೀನಿ, ನನ್ನ ವೋಟು ನಿಮ್ಮನೆಯವ್ರಿಗೆ. ನೀವು ಹುಡುಕ್ತಿರೋ ಓಟ ಇಲ್ಲಿಲ್ಲ ಸ್ವಾಮಿ. ಇಂಗ್ಲೆಂಡಿನ ಕೆಂಟ್‌ನಲ್ಲಿ ರಿಟೈರ್ ಆದವ್ರಿಗೇ ಕಟ್ಟಿರೋ ಬಡಾವಣೆ, ಅಲ್ಲಿ ನಾಲ್ಕು ಜನ ವಯಸ್ಸಾದವ್ರು, ಒಬ್ರು ಹಳೇ ಗೂಢಚಾರಿಣಿ ಎಲಿಜಬೆತ್, ಒಬ್ರು ನರ್ಸ್ ಆಗಿದ್ದ ಜಾಯ್ಸ್, ಒಬ್ರು ಮನೋವೈದ್ಯರು, ಇನ್ನೊಬ್ರು ಯೂನಿಯನ್ ಲೀಡರು, ಪ್ರತಿ ಗುರುವಾರ ಒಂದು ರೂಮಲ್ಲಿ ಸೇರಿ ಪೊಲೀಸರು ಕೈಬಿಟ್ಟ ಕೊಲೆ ಫೈಲುಗಳನ್ನ ಕೆದಕ್ತಾರೆ. ರೂಮು ಬುಕ್ ಮಾಡೋವಾಗ ಬರೆಸೋದು ‘ಜಪಾನಿ ಆಪೆರಾ ಚರ್ಚೆ’ ಅಂತ, ಹಂಗಂದ್ರೆ ಒಂದು ನರಪಿಳ್ಳೆನೂ ಇಣುಕಲ್ವಲ್ಲ! ಮನೆ ಭದ್ರತೆ ಬಗ್ಗೆ ಭಾಷಣ ಮಾಡೋಕೆ ಬಂದ ಪೊಲೀಸ್ ಹುಡುಗಿಗೆ ಬಾಯಿ ತೆಗೆಯೋ ಮುಂಚೆನೇ ‘ಕಿಟಕಿ ಲಾಕ್ ವಿಷ್ಯ ಮಾತ್ರ ಬೇಡಮ್ಮ’ ಅನ್ನೋ ಅರ್ಥದಲ್ಲಿ ಹೇಳ್ಬಿಡ್ತಾರೆ. ಇವ್ರಿಂದ ಏನಾಗುತ್ತೆ ಅಂತ ಊರೆಲ್ಲಾ ಅಂದ್ಕೊಂಡಿರುತ್ತೆ ನೋಡಿ, ಅದನ್ನೇ ಆಯುಧ ಮಾಡ್ಕೋತಾರೆ, ನಗು ಬರೋದೂ ಅಲ್ಲಿಂದ್ಲೇ.

ತಕರಾರು ನಂದೂ ಇದೆ. ಕೊನೇ ಭಾಗದಲ್ಲಿ ಗುಟ್ಟುಗಳು ಒಂದರ ಮೇಲೊಂದು ಬೀಳ್ತಾವೆ, ಓದುಗ ತಾನೇ ಕಂಡುಹಿಡಿಯೋಕೆ ಬೇಕಾದ ಸುಳಿವು ಮೊದ್ಲೇ ಸಿಗಲ್ಲ. ಈ ವಿಷ್ಯದಲ್ಲಿ ನಿಮ್ಮ ಸಿಟ್ಟು ನ್ಯಾಯ.

ಪ್ರಶ್ನೆ: ಟಿವಿ ಸ್ಟಾರ್ ಬರೆದ ಅಂತ ತಾನೇ ಮಾರಾಟ ಆಗಿದ್ದು?
– ಓದುಗಿ, ಬೆಂಗಳೂರು

ಉತ್ತರ: ಮೊದಲನೇದಕ್ಕೆ ಇರ್ಬೋದು ಅನ್ನಿ. ಬ್ರಿಟನ್ನಿನಲ್ಲಿ ಕ್ವಿಜ್ ಶೋದಿಂದ ಮನೆಮಾತಾಗಿದ್ದ ಮನುಷ್ಯ, 2020ರಲ್ಲಿ ಪುಸ್ತಕ ಬಂದಾಗ ಹೆಸರು ಕೆಲಸ ಮಾಡೇ ಮಾಡಿರುತ್ತೆ. ಆದ್ರೆ 2025ರಲ್ಲಿ ಈ ಸರಣಿಯ ಐದನೇ ಪುಸ್ತಕ ಬಂತು, ಅಲ್ಲೀವರೆಗೂ ಜನ ಮುಖ ನೋಡಿ ದುಡ್ಡು ಕೊಡ್ತಾರಾ?

ಪ್ರಶ್ನೆ: ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡಿದ್ರೆ ಸಾಲ್ದಾ? ಎಪ್ಪತ್ತೈದರ ನಮ್ಮತ್ತೆಗೆ ಪುಸ್ತಕ ಕೊಡ್ಬೋದಾ?
– ಓದುಗಿ, ಹಾಸನ

ಉತ್ತರ: ಹೆಲೆನ್ ಮಿರೆನ್, ಪಿಯರ್ಸ್ ಬ್ರಾಸ್ನನ್ ಎಲ್ಲಾ ಇದ್ದಾರೆ, ನೋಡಿ, ಟೈಮ್ ಚೆನ್ನಾಗೇ ಹೋಗುತ್ತೆ. ಆದ್ರೆ ಪುಸ್ತಕದ ಜೀವ ಇರೋದು ಜಾಯ್ಸಮ್ಮನ ಡೈರಿಯಲ್ಲಿ, ಹೆಣದ ವಿಷ್ಯ ಬರೀತಾ ಬರೀತಾ ಊಟದ ವಿಷ್ಯಕ್ಕೆ ಹೋಗ್ಬಿಡೋ ಆ ಧಾಟಿ ಓದಿಯೇ ಸವೀಬೇಕು. ಅತ್ತೆಯವ್ರಿಗೆ ಕೊಡೋ ಮುಂಚೆ ಮಾತ್ರ ನೀವೊಂದ್ಸಲ ಓದಿ. ಎಲಿಜಬೆತ್ ಗಂಡನಿಗೆ ಮರೆವಿನ ಕಾಯಿಲೆ, ಗೆಳತಿ ಒಬ್ಬಳು ಮಾತಿಲ್ಲದೆ ಹಾಸಿಗೆ ಹಿಡಿದಿದ್ದಾಳೆ, ಎಲಿಜಬೆತ್ ಪಕ್ಕದಲ್ಲಿ ಕೂತು ಅವಳಿಗೇ ಕೇಸಿನ ವರದಿ ಒಪ್ಪಿಸ್ತಾಳೆ. ನಕ್ಕು ನಕ್ಕು ಪುಟ ತಿರುಗಿಸಿದ್ರೆ ಇದು ಎದುರಾಗುತ್ತೆ, ಅವ್ರ ಮನಸ್ಸು ಹೇಗೆ ಅಂತ ನಿಮಗೇ ಗೊತ್ತು.