ಓದುಗರ ಪ್ರಶ್ನೋತ್ತರ: ಮನೆಯ ಇಂಟರ್‌ನೆಟ್, ಮನೆಯಾಚೆಯ ಪರಿಸರ

ಪ್ರಶ್ನೆ: ರಾತ್ರಿ ಮಲಗುವಾಗ ವೈಫೈ ಪೆಟ್ಟಿಗೆಯ ಸ್ವಿಚ್ ಆರಿಸಿಬಿಡುತ್ತೇನೆ. ದಿನಾ ಹೀಗೆ ಮಾಡಿದರೆ ಹಾಳಾಗುತ್ತದೆ, ಉಳಿಯುವ ಕರೆಂಟೂ ಲೆಕ್ಕಕ್ಕಿಲ್ಲ ಎಂದು ಮಗ ವಾದಿಸುತ್ತಾನೆ. ಯಾರು ಸರಿ?
— ಗೃಹಿಣಿ, ಶಿವಮೊಗ್ಗ

ಉತ್ತರ: ನೀವೇ ಸರಿ, ಉಳಿತಾಯ ಸಣ್ಣದಾದರೂ. ಫೈಬರ್ ಸಂಪರ್ಕದ ಮನೆಯಲ್ಲಿ ಗೋಡೆಗೆ ಹಾಕಿರುವ ಪೆಟ್ಟಿಗೆ ಮತ್ತು ರೌಟರ್ ಎರಡೂ ಸೇರಿ ಸಾಮಾನ್ಯವಾಗಿ 8ರಿಂದ 15 ವಾಟ್ ಎಳೆಯುತ್ತವೆ. 10 ವಾಟ್ ಎಂದಿಟ್ಟುಕೊಳ್ಳಿ. ವರ್ಷವಿಡೀ ಉರಿದರೆ 87.6 ಯೂನಿಟ್, ರಾತ್ರಿ 8 ಗಂಟೆ ಆರಿಸಿದರೆ ಅದರಲ್ಲಿ 29 ಯೂನಿಟ್ ಉಳಿಯಿತು. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಂದರೆ ವರ್ಷಕ್ಕೆ 20 ಕೆಜಿ.

ಅಡಾಪ್ಟರಿನ ಮೇಲೆ ‘12 ವೋಲ್ಟ್, 1.5 ಆಂಪಿಯರ್’ ಎಂದಿದ್ದರೆ 18 ವಾಟ್ ಖರ್ಚಾಗುತ್ತದೆ ಎಂದು ತಿಳಿಯಬೇಡಿ, ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ. ನಿಜವಾದ ಅಂಕಿ ನಿಮ್ಮ ಮನೆಯ ಮೀಟರಿನಲ್ಲೇ ಸಿಗುತ್ತದೆ. ಮೀಟರಿನ ಮುಖದ ಮೇಲೆ ಮಿನುಗುವ ಪುಟ್ಟ ಕೆಂಪು ದೀಪದ ಬಳಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ಹಲವು ಮೀಟರುಗಳಲ್ಲಿ 3200. ಫ್ರಿಜ್, ಪಂಪು, ಟಿವಿ ಎಲ್ಲವನ್ನೂ ಪ್ಲಗ್ಗಿನಿಂದಲೇ ಆರಿಸಿ. ಯುಪಿಎಸ್ ಇದ್ದರೆ ಅದರ ಪ್ಲಗ್ಗನ್ನೂ ತೆಗೆಯಿರಿ, ಇಲ್ಲವಾದರೆ ಬ್ಯಾಟರಿ ಚಾರ್ಜಾಗುವ ಕರೆಂಟೂ ಲೆಕ್ಕಕ್ಕೆ ಸೇರಿಬಿಡುತ್ತದೆ. ರೌಟರನ್ನು ಯುಪಿಎಸ್ ಸಂಪರ್ಕವಿಲ್ಲದ ಪ್ಲಗ್ಗಿಗೆ ಹಾಕಿ. ಈಗ ಎರಡು ಮಿನುಗುಗಳ ನಡುವಿನ ಸೆಕೆಂಡುಗಳನ್ನು ಎಣಿಸಿ, 1125ನ್ನು ಅದರಿಂದ ಭಾಗಿಸಿ. ಬರುವ ಉತ್ತರವೇ ವಾಟ್. 112 ಸೆಕೆಂಡಿಗೊಮ್ಮೆ ಮಿನುಗಿದರೆ 10 ವಾಟ್. ಮೀಟರಿನಲ್ಲಿ 1600 ಎಂದಿದ್ದರೆ 1125ರ ಬದಲು 2250 ತೆಗೆದುಕೊಳ್ಳಿ. ಐದಾರು ಮಿನುಗುಗಳ ಸರಾಸರಿ ತೆಗೆದರೆ ಲೆಕ್ಕ ಗಟ್ಟಿಯಾಗುತ್ತದೆ.

ಹೊರೆ ತೀರಾ ಕಡಿಮೆಯಾದರೆ ಮೀಟರು ಮಿನುಗದೆಯೇ ಕೂರಬಹುದು. ಆಗ 9 ವಾಟಿನ ಒಂದು ಎಲ್‌ಇಡಿ ಬಲ್ಬು ಉರಿಸಿ ಒಮ್ಮೆ ಅಳೆಯಿರಿ, ಬಲ್ಬಿನ ಜೊತೆ ರೌಟರನ್ನೂ ಹಾಕಿ ಇನ್ನೊಮ್ಮೆ ಅಳೆಯಿರಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ 230ರಿಂದ ಗುಣಿಸಿ ಹೇಳುವ ಅಂಕಿಯನ್ನು ಇಂಥ ಸಣ್ಣ ಅಡಾಪ್ಟರುಗಳ ವಿಷಯದಲ್ಲಿ ನಂಬಬೇಡಿ. ಇವುಗಳ ಪವರ್ ಫ್ಯಾಕ್ಟರ್ (ವೋಲ್ಟನ್ನು ಆಂಪಿಯರಿನಿಂದ ಗುಣಿಸಿದಾಗ ಬರುವುದರಲ್ಲಿ ನಿಜವಾಗಿ ವಾಟ್ ಆಗುವ ಪಾಲು) 0.5ರ ಆಸುಪಾಸಿನಲ್ಲಿರುವುದರಿಂದ ಉತ್ತರ ಹೆಚ್ಚುಕಡಿಮೆ ದುಪ್ಪಟ್ಟು ಬರುತ್ತದೆ.

ದಿನಕ್ಕೊಮ್ಮೆ ಆರಿಸುವುದರಿಂದ ಫೈಬರ್ ಪೆಟ್ಟಿಗೆಗೆ ತೊಂದರೆಯಿಲ್ಲ. ಹಳೆಯ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಆಗಿದ್ದರೆ ಮಾತ್ರ, ಸಂಪರ್ಕ ಪದೇಪದೇ ಕಡಿದರೆ ಲೈನು ಕೆಟ್ಟಿದೆಯೆಂದು ಎಕ್ಸ್‌ಚೇಂಜಿನ ಯಂತ್ರ ವೇಗ ಇಳಿಸುವುದುಂಟು. ಮನೆಯ ಲ್ಯಾಂಡ್‌ಲೈನ್ ಅಥವಾ ಸಿಸಿಟಿವಿ ಅದೇ ಪೆಟ್ಟಿಗೆಯಿಂದ ನಡೆಯುತ್ತಿದ್ದರೆ ಆರಿಸುವ ಮುನ್ನ ಯೋಚಿಸಿ, ವಯಸ್ಸಾದವರಿರುವ ಮನೆಯಲ್ಲಂತೂ ಖಂಡಿತ. ಹಾಗೆಯೇ ಟಿವಿಯ ಸೆಟ್‌ಟಾಪ್ ಬಾಕ್ಸನ್ನೂ ಅಳೆದುಬಿಡಿ. ರಿಮೋಟಿನಲ್ಲಿ ಆರಿಸಿದರೂ ಎಷ್ಟೋ ಬಾಕ್ಸುಗಳು ರೌಟರಿನಷ್ಟೇ ಕರೆಂಟು ಎಳೆಯುತ್ತಲೇ ಇರುತ್ತವೆ. ಅದನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ.

ಪ್ರಶ್ನೆ: ಅರ್ಧ ಗಂಟೆ ವಿಡಿಯೊ ನೋಡಿದರೆ 6 ಕಿಲೋಮೀಟರ್ ಕಾರು ಓಡಿಸಿದಷ್ಟು ಇಂಗಾಲ ಎಂದು ಎಲ್ಲೋ ಓದಿದೆ. ತರಗತಿಯಲ್ಲಿ ಹೇಳಬಹುದೇ?
— ಪಿಯು ಉಪನ್ಯಾಸಕ, ಕಲಬುರಗಿ

ಉತ್ತರ: ಹೇಳಬೇಡಿ. ಆ ಅಂಕಿ ಫ್ರಾನ್ಸಿನ ಶಿಫ್ಟ್ ಪ್ರಾಜೆಕ್ಟ್ ಸಂಸ್ಥೆ 2019ರಲ್ಲಿ ಮಾಡಿದ ಲೆಕ್ಕದಿಂದ ಬಂದದ್ದು: ಅರ್ಧ ಗಂಟೆಗೆ 1.6 ಕೆಜಿ. ಎಂಟು ಬಿಟ್ ಸೇರಿದರೆ ಒಂದು ಬೈಟ್; ಆ ಲೆಕ್ಕದಲ್ಲಿ ಇವೆರಡು ಅದಲುಬದಲಾಗಿ ಡೇಟಾ ಪ್ರಮಾಣ ಎಂಟು ಪಟ್ಟು ಹಿಗ್ಗಿತ್ತು. ಸಂಸ್ಥೆ ಮುಂದೆ ತಿದ್ದಿತು, ಆದರೆ ತಿದ್ದುಪಡಿ ತಪ್ಪಿನಷ್ಟು ದೂರ ಹೋಗಲಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಿಷ್ಕೃತ ಅಂದಾಜು ಗಂಟೆಗೆ 36 ಗ್ರಾಂ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ 2021ರಲ್ಲಿ ಯುರೋಪಿಗೆ ಹೇಳಿದ್ದು ಸುಮಾರು 55 ಗ್ರಾಂ.

ನಮ್ಮ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಹೆಚ್ಚಿರುವುದರಿಂದ ಮನೆಯೊಳಗಿನ ಭಾಗವನ್ನು ನಾವೇ ಲೆಕ್ಕ ಹಾಕುವುದು ಮೇಲು. 70 ವಾಟಿನ ಟಿವಿ, 12 ವಾಟಿನ ಸೆಟ್‌ಟಾಪ್ ಬಾಕ್ಸ್, 10 ವಾಟಿನ ರೌಟರ್ ಸೇರಿ ಗಂಟೆಗೆ 0.092 ಯೂನಿಟ್, ಅಂದರೆ 64 ಗ್ರಾಂ. ಅದೇ ಚಿತ್ರವನ್ನು 2 ವಾಟಿನ ಫೋನಿನಲ್ಲಿ ನೋಡಿದರೆ ರೌಟರ್ ಸೇರಿಯೂ 9 ಗ್ರಾಂ ಮುಟ್ಟುವುದಿಲ್ಲ. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದಾದ ಲೆಕ್ಕ ಇದು. ಪರದೆ ದೊಡ್ಡದಾದಷ್ಟೂ ಖರ್ಚು ದೊಡ್ಡದು ಎಂಬುದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ತಪ್ಪು ಪಾಠ ಪುಸ್ತಕಗಳಲ್ಲೂ ನುಸುಳುತ್ತಿದೆ: ‘ಒಂದು ಜಿಬಿಗೆ ಇಷ್ಟು ಕರೆಂಟು’ ಎಂದು ಹಿಡಿದು, ನೋಡಿದ ಜಿಬಿಗಳಿಂದ ಗುಣಿಸುವುದು. 2018ರಲ್ಲಿ ಅಸ್ಲಾನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ 2015ರಲ್ಲಿ ಸ್ಥಿರ (ಮೊಬೈಲ್ ಅಲ್ಲದ) ಜಾಲದಲ್ಲಿ ಒಂದು ಜಿಬಿ ಸಾಗಿಸಲು 0.06 ಯೂನಿಟ್ ಬೇಕಿತ್ತು, 2000ದಿಂದ ಆ ಅಂಕಿ ಸುಮಾರು ಎರಡು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತ ಬಂದಿತ್ತು. ಹಳೆಯ ಅಂಕಿಯನ್ನು ಇಂದಿನ ಡೇಟಾಕ್ಕೆ ಗುಣಿಸಿದರೆ ಉತ್ತರ ಹಲವು ಪಟ್ಟು ಉಬ್ಬುತ್ತದೆ. ಅಲ್ಲದೆ ಜಾಲದ ಯಂತ್ರಗಳು ಡೇಟಾ ಹರಿದರೂ ಹರಿಯದಿದ್ದರೂ ಹೆಚ್ಚುಕಡಿಮೆ ಅಷ್ಟೇ ವಿದ್ಯುತ್ ಕುಡಿಯುತ್ತವೆ. ಒಂದು ವಿಡಿಯೊ ನೋಡದೆ ಬಿಟ್ಟ ಮಾತ್ರಕ್ಕೆ ಅಷ್ಟು ಇಂಗಾಲ ಉಳಿಯಿತು ಎನ್ನಲಾಗದು. ಹಾಗೆಂದು ಚಿಂತೆಯೇ ಇಲ್ಲವೆಂದಲ್ಲ: 2024ರಲ್ಲಿ ಜಗತ್ತಿನ ಡೇಟಾ ಕೇಂದ್ರಗಳು ಬಳಸಿದ್ದು ಸುಮಾರು 415 ಟೆರಾವಾಟ್ ಅವರ್, ಒಟ್ಟು ವಿದ್ಯುತ್ತಿನ ಶೇ 1.5ರಷ್ಟು, ಮತ್ತು ಅದು ಏರುತ್ತಿದೆ.

ಪ್ರಶ್ನೆ: ‘ಕುಟುಂಬಗಳ ಇಂಟರ್‌ನೆಟ್ ಬಳಕೆ ಮತ್ತು ಪರಿಸರಸ್ನೇಹಿ ನಡವಳಿಕೆ’ ನನ್ನ ಪಿಎಚ್‌ಡಿ ವಿಷಯ. 400 ಮನೆಗಳಿಗೆ ಗೂಗಲ್ ಫಾರ್ಮ್ ಕಳಿಸಿ, ದಿನಕ್ಕೆ ಎಷ್ಟು ಗಂಟೆ ಬಳಸುತ್ತೀರಿ, ಪರಿಸರದ ಬಗ್ಗೆ ಎಷ್ಟು ಕಾಳಜಿಯಿದೆ ಎಂದು ಕೇಳುವ ಯೋಜನೆ. ಇಷ್ಟು ಸಾಕೇ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಲದು. ಫಾರ್ಮ್ ಕಳಿಸುವ ಮೊದಲೇ ನಮಗೆ ಬರೆದಿದ್ದೀರಿ, ಬದಲಿಸಲು ಸಮಯವಿದೆ.

ಮೊದಲ ತೊಡಕು ಗೂಗಲ್ ಫಾರ್ಮಿನದೇ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಫಾರ್ಮು ಇಂಟರ್‌ನೆಟ್ ಬಳಸದವರ ಕೈ ಸೇರುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದ ಗಂಡಸರು ಶೇ 57.1, ಹೆಂಗಸರು ಶೇ 33.3. ಈ ಅಂತರ ಮನೆಮನೆಯ ಒಳಗೇ ಇದೆ. ಗಂಡನ ಫಾರ್ಮ್ ಒಂದನ್ನೇ ಪಡೆದು ಅದನ್ನು ‘ಕುಟುಂಬ’ ಎಂದು ಬರೆದರೆ ಪ್ರಬಂಧದ ಶೀರ್ಷಿಕೆಯೇ ಸುಳ್ಳಾಗುತ್ತದೆ. ವಾರ್ಡಿನ ಮತದಾರರ ಪಟ್ಟಿಯಿಂದ ಮನೆಗಳನ್ನು ಆರಿಸಿ, ಬಾಗಿಲಿಗೆ ಹೋಗಿ, ಆರು ವರ್ಷ ದಾಟಿದ ಎಲ್ಲರನ್ನೂ ಸೇರಿಸಿಕೊಳ್ಳಿ.

ಎರಡನೆಯದು ‘ಎಷ್ಟು ಗಂಟೆ’ ಎಂಬ ಪ್ರಶ್ನೆ. ಜನ ಬಾಯಲ್ಲಿ ಹೇಳುವ ಬಳಕೆಗೂ ಸಾಧನ ದಾಖಲಿಸುವ ಬಳಕೆಗೂ ಇರುವ ಸಹಸಂಬಂಧ (ಪೂರ್ತಿ ಹೊಂದಿದರೆ 1, ಹೊಂದದಿದ್ದರೆ 0) ಕೇವಲ 0.38 ಎಂದು 2021ರಲ್ಲಿ ಪ್ಯಾರಿ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದಾರೆ. ಹಾಗಾಗಿ ಫೋನಿನಲ್ಲಿ ಬಳಕೆಯ ಹೊತ್ತು ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್ ಪರದೆಯಿಂದ ಏಳು ದಿನದ ಅಂಕಿಗಳನ್ನು ಬರೆದುಕೊಳ್ಳಿ. ಅದರಲ್ಲೂ ಗುಂಡಿಗಳಿವೆ: ಪರದೆ ಆರಿಸಿ ಹಾಡು ಕೇಳಿದ ಹೊತ್ತು ಅಲ್ಲಿ ಸೇರುವುದಿಲ್ಲ, ಹಳೆಯ ದಿನಗಳ ದಾಖಲೆ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ, ತಾಯಿ ಮಗಳು ಒಂದೇ ಫೋನು ಹಂಚಿಕೊಂಡರೆ ಇಬ್ಬರ ಹೊತ್ತೂ ಕಲಸಿಹೋಗುತ್ತದೆ. ಕೊನೆಯದಕ್ಕೆ ಮದ್ದೆಂದರೆ ದಿನಚರಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆ ಹಿಂದಿನ ದಿನದ ಬೆಳಗಿನ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ಖಾನೆಗಳಲ್ಲಿ ಕೇಳಿ ಬರೆದುಕೊಂಡಿತು. ಅದೇ ನಮೂನೆಗೆ ‘ಫೋನು ಯಾರ ಕೈಯಲ್ಲಿತ್ತು’ ಎಂಬ ಒಂದು ಅಂಕಣ ಸೇರಿಸಿ. ಒಂದು ವಾರದ ದಿನ, ಒಂದು ಭಾನುವಾರ, ಎರಡೂ ಬೇಕು.

ಮೂರನೆಯದು ‘ಕಾಳಜಿ’. ಐದು ಅಂಕದ ಮಾಪಕದಲ್ಲಿ ಪರಿಸರ ಬೇಡ ಎನ್ನುವವರು ಎಲ್ಲಿದ್ದಾರೆ? ಎಲ್ಲರೂ 4 ಅಥವಾ 5ಕ್ಕೇ ಗುರುತು ಹಾಕುತ್ತಾರೆ, ವಿಶ್ಲೇಷಿಸಲು ವ್ಯತ್ಯಾಸವೇ ಉಳಿಯುವುದಿಲ್ಲ. ನಡವಳಿಕೆಯನ್ನೇ ಅಳೆಯಿರಿ: 12 ತಿಂಗಳ ವಿದ್ಯುತ್ ಬಿಲ್ಲಿನ ಯೂನಿಟ್, ಹಸಿ ಕಸ ಒಣ ಕಸ ಬೇರೆಯಾಗಿದೆಯೇ ಎಂದು ಬಾಗಿಲಲ್ಲೇ ನೋಡುವುದು, ಮನೆಯಲ್ಲಿ ಬಿದ್ದಿರುವ ಹಳೆಯ ಫೋನು ಚಾರ್ಜರುಗಳ ಎಣಿಕೆ. ಕರ್ನಾಟಕದಲ್ಲಿ ಬಿಲ್ಲಿನ ಮೊತ್ತವನ್ನು ಕೇಳಬೇಡಿ. ಗೃಹಜ್ಯೋತಿ ಇರುವ ಮನೆಯಲ್ಲಿ ಬಳಕೆ ಮಿತಿಯೊಳಗಿದ್ದರೆ ಅದು ಸೊನ್ನೆ. ಯೂನಿಟ್ ಮಾತ್ರ ಅಚ್ಚಾಗಿರುತ್ತದೆ. 2022–23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿದ್ದರಿಂದ ಮಿತಿಯ ಅಂಚಿನಲ್ಲಿರುವವರು ಹಣಕ್ಕಾಗಿ ಹಿಡಿತ ಮಾಡುತ್ತಿರಬಹುದು, ಅದನ್ನು ಪರಿಸರ ಕಾಳಜಿಯೆಂದು ಓದಿಬಿಡುವ ಅಪಾಯವಿದೆ. ಮಂಜೂರಾದ ಮಿತಿಯನ್ನೂ ಬರೆದುಕೊಳ್ಳಿ.

ಈ ವಿಷಯದಲ್ಲಿ ಚೀನಾದ ದೊಡ್ಡ ಸಾಮಾಜಿಕ ಸಮೀಕ್ಷೆಗಳನ್ನು ಆಧರಿಸಿದ ಪ್ರಬಂಧಗಳು ಹಲವಿವೆ. ಇಂಟರ್‌ನೆಟ್ ಬಳಸುವವರು ಪರಿಸರದ ಬಗ್ಗೆ ಹೆಚ್ಚು ಎಚ್ಚರವಾಗಿರುತ್ತಾರೆ ಎಂದು ಅವುಗಳಲ್ಲಿ ಎಷ್ಟೋ ಹೇಳುತ್ತವೆ. ಆದರೆ ಹೆಚ್ಚು ಓದಿದವರೇ ಇಂಟರ್‌ನೆಟ್ಟನ್ನೂ ಹೆಚ್ಚು ಬಳಸುತ್ತಾರೆ, ಪರಿಸರದ ಪ್ರಶ್ನೆಗೂ ‘ಸರಿಯಾದ’ ಉತ್ತರ ಕೊಡುತ್ತಾರೆ. ಒಂದೇ ಬಾರಿಯ ಸಮೀಕ್ಷೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಲಾಗದು. ಮನೆಗೆ ಹೊಸದಾಗಿ ಫೈಬರ್ ಹಾಕಿಸಿಕೊಂಡವರನ್ನು ಮುಂಚೆ ಮತ್ತು ಆರು ತಿಂಗಳ ನಂತರ ನೋಡಿದರೆ, ಹಾಕಿಸದ ನೆರೆಮನೆಗಳ ಜೊತೆ ಹೋಲಿಸಿದರೆ, 400ರ ಬದಲು 120 ಮನೆಯಾದರೂ ಅಧ್ಯಯನಕ್ಕೆ ಹೆಚ್ಚು ಬೆಲೆ ಬರುತ್ತದೆ. ಚೌಕಟ್ಟಿಗೆ ಮನಶ್ಶಾಸ್ತ್ರಜ್ಞ ಬ್ರಾನ್‌ಫೆನ್‌ಬ್ರೆನ್ನರ್ 1979ರಲ್ಲಿ ಮಂಡಿಸಿದ ಪದರಗಳ ಮಾದರಿ ಹೊಂದುತ್ತದೆ: ಮಗು, ಮನೆ, ಶಾಲೆ, ಅಪ್ಪನ ಕಚೇರಿ, ಸರ್ಕಾರದ ನೀತಿ. ಚಿತ್ರವಾಗಿ ಅಚ್ಚು ಹಾಕಿ ಮರೆಯಬೇಡಿ, ಪ್ರತಿ ಪದರಕ್ಕೂ ಅಳೆಯಬಹುದಾದ ಒಂದು ಪ್ರಶ್ನೆಯಾದರೂ ಇರಲಿ.

ಒಂದೇ ಮನೆಯವರ ಉತ್ತರಗಳು ಒಂದನ್ನೊಂದು ಹೋಲುತ್ತವೆ ಎಂಬುದನ್ನು ಸಂಖ್ಯಾಶಾಸ್ತ್ರದಲ್ಲೂ ನೆನಪಿಡಿ. 400 ಮನೆ, ಮನೆಗೆ ಮೂವರು, ಒಟ್ಟು 1200 ಜನ. ಮನೆಯೊಳಗಿನ ಹೋಲಿಕೆಯ ಗುಣಾಂಕ 0.4 ಎಂದಿಟ್ಟುಕೊಂಡರೆ, ಮೂವರಲ್ಲಿ ಒಬ್ಬರನ್ನು ಕಳೆದು 0.4ರಿಂದ ಗುಣಿಸಿ 1 ಕೂಡಿಸಿ: 1.8. 1200ನ್ನು ಇದರಿಂದ ಭಾಗಿಸಿದರೆ 667. ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಅಷ್ಟು ಜನರ ಮಾಹಿತಿ. ವ್ಯಕ್ತಿ, ಮನೆ ಎರಡನ್ನೂ ಬೇರೆಬೇರೆ ಹಂತಗಳಾಗಿ ಲೆಕ್ಕಕ್ಕೆ ಹಿಡಿಯುವ ಬಹುಹಂತದ ಮಾದರಿ ಬಳಸಿ, ಇಲ್ಲವಾದರೆ ಇಲ್ಲದ ಸಂಬಂಧಗಳೂ ‘ಗಮನಾರ್ಹ’ ಎಂದು ಹೊರಬೀಳುತ್ತವೆ.

ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಸಮ್ಮತಿಯ ಜೊತೆ ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಫೋನಿನ ಪರದೆಯ ಚಿತ್ರ ತೆಗೆದುಕೊಂಡು ಹೋಗಬೇಡಿ. ಆ್ಯಪ್‌ಗಳ ಹೆಸರೇ ಕೆಲವೊಮ್ಮೆ ಕಾಯಿಲೆಯನ್ನೋ ಸಾಲವನ್ನೋ ಹೇಳಿಬಿಡುತ್ತದೆ. ಅವರೆದುರೇ ಒಟ್ಟು ನಿಮಿಷಗಳನ್ನು ಮಾತ್ರ ಬರೆದುಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ನಾಲ್ಕು ಹಳೆಯ ಫೋನುಗಳಿವೆ, ಒಂದರ ಬ್ಯಾಟರಿ ಉಬ್ಬಿದೆ. ಗುಜರಿಗೆ ಹಾಕಬಹುದೇ?
— ನಿವೃತ್ತ ನೌಕರ, ತುಮಕೂರು

ಉತ್ತರ: ಬೇಡ. ಗುಜರಿಯಿಂದ ಮುಂದೆ ತಂತಿ ಸುಡುವ, ಸರ್ಕ್ಯೂಟ್ ಬೋರ್ಡನ್ನು ಆಮ್ಲದಲ್ಲಿ ಅದ್ದುವ ಜಾಗಕ್ಕೆ ಹೋಗುವುದೇ ಹೆಚ್ಚು. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ಕಸದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾದದ್ದು ಶೇ 22.3 ಮಾತ್ರ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಕಂಪನಿಯ ಸೇವಾಕೇಂದ್ರ ಅಥವಾ ನೋಂದಾಯಿತ ಮರುಬಳಕೆ ಘಟಕದ ಸಂಗ್ರಹ ಕೇಂದ್ರಕ್ಕೆ ಕೊಟ್ಟು ರಸೀದಿ ಕೇಳಿ.

ಉಬ್ಬಿದ ಫೋನನ್ನು ಇನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಒಣ ಮರಳು ಹಾಕಿದ ಸ್ಟೀಲ್ ಡಬ್ಬಿಯಲ್ಲಿ, ಮುಚ್ಚಳ ಬಿಗಿಯದೆ, ಅಡುಗೆಮನೆಯಿಂದ ದೂರ ಇಟ್ಟು ಬೇಗ ಸಾಗಿಸಿ. ಉಳಿದ ಮೂರು ಚಾಲೂ ಇದ್ದರೆ ಮೊದಲು ಗೂಗಲ್ ಖಾತೆ ತೆಗೆದು ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನು ಬೀಗ ಹಾಕಿಕೊಳ್ಳಬಹುದು. ಆಗ ಪಡೆದವರಿಗೆ ತೆರೆಯಲಾಗದು, ಚೆನ್ನಾಗಿರುವ ಫೋನೂ ನೇರ ಕಸಕ್ಕೆ.

ಹೊಸದು ಕೊಳ್ಳುವ ಮುನ್ನ ಈ ಲೆಕ್ಕ ನೋಡಿ. 5000 ಎಂಎಎಚ್ ಬ್ಯಾಟರಿಯನ್ನು ದಿನಾ ತುಂಬಿಸಿದರೂ ವರ್ಷಕ್ಕೆ ಸುಮಾರು 9 ಯೂನಿಟ್, ಅಂದರೆ ಸುಮಾರು 6.3 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಸ್ಮಾರ್ಟ್‌ಫೋನಿನ ತಯಾರಿಕೆಯದೇ ಹಲವು ಹತ್ತು ಕೆಜಿ. ಬ್ಯಾಟರಿ ಬದಲಿಸಿ ಎರಡು ವರ್ಷ ಹೆಚ್ಚು ಓಡಿಸುವುದು ರೌಟರ್ ಆರಿಸುವುದಕ್ಕಿಂತ ದೊಡ್ಡ ಕೆಲಸ.

ಪ್ರಶ್ನೆ: ಮಕ್ಕಳು ಹೇಗೂ ಫೋನು ಬಿಡುವುದಿಲ್ಲ. ಅದರಿಂದಲೇ ಪರಿಸರ ಅಧ್ಯಯನಕ್ಕೆ ಏನಾದರೂ ಉಪಯೋಗವಾದೀತೇ?
— ಪೋಷಕರು, ಶಿರಸಿ

ಉತ್ತರ: ಖಂಡಿತ. ಅಂಗಳದ ಹಲಸನ್ನೋ ಮಾವನ್ನೋ ಮರಗಳ ಋತುಚಕ್ರ ದಾಖಲಿಸುವ ಸೀಸನ್‌ವಾಚ್‌ನಲ್ಲಿ ನೋಂದಾಯಿಸಿ, ವಾರಕ್ಕೊಮ್ಮೆ ಅದೇ ಮರದ ಎಲೆ, ಹೂವು, ಕಾಯಿ ಇಲ್ಲವೋ ಸ್ವಲ್ಪವೋ ತುಂಬವೋ ಎಂದು ದಾಖಲಿಸಿ. ಮಕ್ಕಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಹೂವು ಬಿಟ್ಟ ವಾರ ಮಾತ್ರ ಬರೆಯುತ್ತಾರೆ. ‘ಹೂವಿಲ್ಲ’ ಎಂದು ಬರೆದ ವಾರಗಳಿಲ್ಲದೆ ಹೂವು ಶುರುವಾದದ್ದು ಯಾವಾಗ ಎಂದು ಹೇಳಲಾಗದು. ಹಕ್ಕಿಗಳ ಪಟ್ಟಿ ದಾಖಲಿಸುವ ಈಬರ್ಡ್‌ನಲ್ಲೂ ಹಾಗೆಯೇ. ಹದಿನೈದು ನಿಮಿಷ ನಿಂತು ಗುರುತಿಸಿದ ಹಕ್ಕಿಗಳನ್ನೆಲ್ಲ, ಕಾಗೆಯನ್ನೂ ಬಿಡದೆ ಬರೆದು, ಪಟ್ಟಿ ಪೂರ್ಣವೇ ಎಂಬ ಪ್ರಶ್ನೆಗೆ ಹೌದು ಎಂದರೆ ಮಾತ್ರ ಸಂಶೋಧಕರಿಗೆ ‘ಇಲ್ಲದ’ ಹಕ್ಕಿಯ ಮಾಹಿತಿಯೂ ಸಿಗುತ್ತದೆ.

ಐನ್ಯಾಚುರಲಿಸ್ಟ್ ಆ್ಯಪ್ ಫೋಟೊ ನೋಡಿ ಸೂಚಿಸುವ ಹೆಸರನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಗಿಡವಾದರೆ ಎಲೆಯ ಮೇಲ್ಭಾಗ, ಕೆಳಭಾಗ, ತೊಟ್ಟು ಸೇರುವ ಜಾಗ, ಹೂವು, ಹೀಗೆ ನಾಲ್ಕು ಚಿತ್ರ ಹಾಕಿ. ಒಂದೇ ಎಲೆಯ ಚಿತ್ರವಾದರೆ ಗುರುತು ಪ್ರಭೇದದವರೆಗೆ ಹೋಗದೆ ಕುಲದ ಮಟ್ಟದಲ್ಲೇ ನಿಂತುಬಿಡುತ್ತದೆ. ನಿಮ್ಮ ಕಡೆ ಕಾಡಿನಲ್ಲಿ ಸೀತಾಳೆ ದಂಡೆಯಂಥ ಆರ್ಕಿಡ್ ಕಂಡರೆ ಹಾಕುವಾಗ ಸ್ಥಳದ ಆಯ್ಕೆಯಲ್ಲಿ ‘ಮರೆಮಾಚು’ ಎಂಬುದನ್ನು ಒತ್ತಿ. ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ಆ್ಯಪ್ ತಾನೇ ಮರೆಮಾಚುತ್ತದೆ, ಆದರೆ ಫೋಟೊದ ಹಿನ್ನೆಲೆಯಲ್ಲಿ ದೇವಸ್ಥಾನವೋ ಕಿಲೋಮೀಟರ್ ಕಲ್ಲೋ ಕಂಡರೆ ಕೀಳುವವರಿಗೆ ಅಷ್ಟೇ ಸಾಕು. ಮನೆಯಂಗಳದ ದಾಖಲೆಗೂ ಮರೆಮಾಚಿದ ಸ್ಥಳವನ್ನೇ ಇಡಿ, ಮಕ್ಕಳ ಹೆಸರಿನ ಖಾತೆಯ ಬದಲು ನಿಮ್ಮ ಖಾತೆ ಬಳಸಿ.