ಕಾಲಿನ ನರ ಉಬ್ಬಿದಾಗ ಕಿತ್ತಳೆ ಸಿಪ್ಪೆಯ ಮಾತ್ರೆ

ಪ್ರಶ್ನೆ: ನಾನು 48 ವರ್ಷದ ಶಿಕ್ಷಕಿ. ದಿನವಿಡೀ ನಿಂತು ಪಾಠ ಮಾಡುವುದರಿಂದ ಸಂಜೆಗೆ ಕಾಲು ಭಾರವಾಗಿ ಪಾದ ಊದಿಕೊಳ್ಳುತ್ತದೆ, ಮೀನಖಂಡದ ನರಗಳು ಉಬ್ಬಿವೆ. ಡಯೋಸ್ಮಿನ್–ಹೆಸ್ಪರಿಡಿನ್ ಮಾತ್ರೆಯಿಂದ ಅವು ಮಾಯವಾಗುತ್ತವೆಯೇ, ಡಾಕ್ಟರೇ?
—ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾಯವಾಗುವುದಿಲ್ಲ. ಕಾಲಿನ ರಕ್ತ ಕೆಳಕ್ಕೆ ಜಾರದಂತೆ ತಡೆಯುವ ಅಭಿಧಮನಿಗಳ (ನೀವು ‘ನರ’ ಎಂದಿರುವ, ಹೃದಯಕ್ಕೆ ರಕ್ತ ಮರಳಿಸುವ ನಾಳಗಳ) ಕವಾಟಗಳು ಸಡಿಲಗೊಂಡು ಅಲ್ಲಿಯೇ ರಕ್ತ ನಿಲ್ಲುವುದು ಈ ಉಬ್ಬಿಗೆ ಕಾರಣವಾಗಿದ್ದು, ಕೆಟ್ಟ ಕವಾಟವನ್ನು ಯಾವ ಮಾತ್ರೆಯೂ ಸರಿಪಡಿಸಲಾರದು. ಹಾಗೆಂದು ಈ ಮಾತ್ರೆ ನಿರುಪಯುಕ್ತವೂ ಅಲ್ಲ. ಹೆಸ್ಪರಿಡಿನ್ ಎಂಬುದು ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಲ್ಲಿರುವ ಫ್ಲೇವನಾಯ್ಡ್, ಅಂದರೆ ಸಸ್ಯಗಳಲ್ಲಿ ಸಹಜವಾಗಿರುವ ಒಂದು ಬಗೆಯ ರಾಸಾಯನಿಕ. ಡಯೋಸ್ಮಿನ್ ಅನ್ನು ಸಾಮಾನ್ಯವಾಗಿ ಅದರಿಂದಲೇ ತಯಾರಿಸುತ್ತಾರೆ. 450 ಮಿ.ಗ್ರಾಂ ಡಯೋಸ್ಮಿನ್‌ಗೆ 50 ಮಿ.ಗ್ರಾಂ ಹೆಸ್ಪರಿಡಿನ್ ಸೇರಿಸಿ, ದೇಹ ಚೆನ್ನಾಗಿ ಹೀರಿಕೊಳ್ಳಲೆಂದು ಅತಿ ನುಣ್ಣಗೆ ಪುಡಿಮಾಡಿದ ಮಾತ್ರೆಯನ್ನು ದಿನಕ್ಕೆ ಎರಡರಂತೆ ಕೆಲವು ವಾರ ಸೇವಿಸಿದವರಲ್ಲಿ ಭಾರ, ನೋವು, ಊತ ತಕ್ಕಮಟ್ಟಿಗೆ ತಗ್ಗಿದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ. (ಸಿಪ್ಪೆಯ ಕಷಾಯ ಇದಕ್ಕೆ ಬದಲಿಯಲ್ಲ, ಹೆಸ್ಪರಿಡಿನ್ ನೀರಿನಲ್ಲಿ ಅಷ್ಟಾಗಿ ಕರಗದು.) ಕೆಲವರಿಗೆ ಹೊಟ್ಟೆ ಕೆಡಬಹುದು.

ನನ್ನ ಮಟ್ಟಿಗೆ, ಮಾತ್ರೆಗಿಂತ ಮೊದಲು ಡಾಪ್ಲರ್ ಸ್ಕ್ಯಾನ್ (ನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ತೋರಿಸುವ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸಿಕೊಳ್ಳುವುದು ಮುಖ್ಯ. ವೈದ್ಯರು ಸೂಚಿಸಿದರೆ ಬಿಗಿ ಕಾಲುಚೀಲವನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುನ್ನವೇ, ಊತವಿಲ್ಲದಾಗ ಧರಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿರುವುದರಿಂದ ಅಂದೇ ಆಸ್ಪತ್ರೆಗೆ ಹೋಗಿ.